ನಾಲ್ಕು ಅಂಕದ ಪ್ರಶ್ನೆ

ಬೋರ್ಡಿನ ಮೇಲೆ ಮೊದಲು ಒಂದು ಸೊನ್ನೆ ಬರೆದೆ.
ಕೈ ಜಾರಿ ಅದು ಬದನೆಕಾಯಿಯಾಯಿತು.
ಹಿಂದಿನ ಬೆಂಚು ನಕ್ಕಿತು. ನಗಲಿ.
ಅದರ ಮೈಗೆ ನಾಲ್ಕು ಬಾಣ ಚುಚ್ಚಿ ಹೆಸರಿಟ್ಟೆ:
ತಯಾರಿಕೆ, ಬಳಕೆ, ಸಂಗ್ರಹ, ಮರುಬಳಕೆ.
"ವರ್ತುಲ ಆರ್ಥಿಕತೆ. ಬರೆದುಕೊಳ್ಳಿ.
ನಾಲ್ಕು ಅಂಕಕ್ಕೆ ಬರುತ್ತದೆ."

ಧಾರಾವಿಯ ಮುನಿಸಿಪಾಲಿಟಿ ಶಾಲೆ, ಮೂರನೇ ಮಹಡಿ,
ಕನ್ನಡ ಮಾಧ್ಯಮ, ಏಳನೇ ಇಯತ್ತೆ, ಹದಿನೇಳು ಮಕ್ಕಳು.
ಕೆಳಗಿನ ಮಹಡಿಗಳಲ್ಲಿ ಹಿಂದಿ, ಮರಾಠಿ;
ನಮ್ಮದು ವರ್ಷಕ್ಕೊಂದು ಬೆಂಚು ಕಡಿಮೆಯಾಗುವ ಭಾಷೆ.
ಕಿಟಕಿ ಮುಚ್ಚಿದರೆ ಸೆಕೆ,
ತೆರೆದರೆ ತೇರಾ ಕಂಪೌಂಡು:
ತಗಡಿನ ಮಾಡುಗಳ ಮೇಲೆ ಒಣಗಲಿಟ್ಟ ಡಬ್ಬಿ ಮುಚ್ಚಳ,
ಕುರ್ಚಿಯ ಕಾಲು, ಮಕ್ಕಳ ಬಂದೂಕು,
ಯಾರದೋ ಟಿವಿಯ ಬೆನ್ನು,
ಕರಗುವ ಪ್ಲಾಸ್ಟಿಕ್ಕಿನ ಸಿಹಿಯಾದ ವಾಸನೆ.
ಆವತ್ತು ತೆರೆದೇ ಇಟ್ಟಿದ್ದೆ.
ಉದಾಹರಣೆಗೆ ಬೇರೆಲ್ಲಿಗೆ ಹೋಗಲಿ?

ಯಾವುದೋ ಕಂಪನಿಯವರು ಕಳಿಸಿದ್ದು
ಮಗುವಿಗೊಂದು ಹಸಿರು ಕೈಪಿಡಿ,
ಕೈಪಿಡಿಗೊಂದು ಪ್ಲಾಸ್ಟಿಕ್ ಹೊದಿಕೆ.
ಹದಿನೇಳನ್ನೂ ಯಲ್ಲಾಲಿಂಗ ಹರಿಯದಂತೆ ಬಿಡಿಸಿ
ಮಡಚಿ ಚೀಲಕ್ಕೆ ಸೇರಿಸಿದ.
ಕಿಲೋಗೆ ಎಷ್ಟೆಂದು ನಾನು ಕೇಳಲಿಲ್ಲ.
ಅವನೇ ಹೇಳಿದ.

ಆಗ ಎದ್ದವಳು ಹುಲಿಗೆಮ್ಮ.
ಹಾಜರಿಗೂ ತಲೆಯಷ್ಟೇ ಅಲ್ಲಾಡಿಸುವ ಹುಡುಗಿ.
"ಟೀಚರ, ಈ ಗೆರಿ ಹಿಂಗ ಕೂಡಂಗಿಲ್ರಿ."

ಯಾವ ಗೆರೆ?

"ಕಡೀದು. ತಿರುಗಿ ತಯಾರಿಕೆಗೆ ಹೋಗತೈತಲ್ರಿ, ಅದು.
ಬಿಳೀದು ಒಮ್ಮೆ ಕರಗಿತಂದ್ರ ಹಳದಿ ಆಗತೈತಿ.
ಹಳದಿಗೆ ಬಣ್ಣ ಕಲಸಿ ಕೆಂಪು ಮಾಡತಾರ, ನೀಲಿ ಮಾಡತಾರ.
ಕೆಂಪು ನೀಲಿ ಕೂಡಿ ಕರಗಿದ್ರ ಕರೀದು.
ಕರೀದರಿಂದ ಮತ್ತ ಕರೀದ.
ಬಕೀಟು ಇದ್ದದ್ದು ಪೈಪಾತು,
ಪೈಪು ಇದ್ದದ್ದು ಚಪ್ಪಲಿ ಅಟ್ಟಿ ಆತು,
ಅಟ್ಟಿ ಸವದು ರಸ್ತಾದಾಗ ಹೋತು.
ಅದನ್ನ ಯಾರು ಆರಿಸ್ತಾರ್ರಿ?"

ಯಾರೂ ನಗಲಿಲ್ಲ.
ಸೀಮೆಸುಣ್ಣ ಅವಳಿಗೆ ಕೊಟ್ಟೆ;
ಕೊಡುವುದು ಬಿಟ್ಟು ನನಗೆ ಬೇರೇನೂ ತೋಚಲಿಲ್ಲ.

ನನ್ನ ಬದನೆಕಾಯಿಯ ಒಳಗೆ ಗೆರೆ ಹೊರಟಿತು,
ಸುತ್ತಿ ಬಂತು, ಹೊರಟ ಜಾಗಕ್ಕೆ ಸೇರದೆ
ಒಳಕ್ಕೆ ಸರಿಯಿತು, ಮತ್ತೆ ಸುತ್ತಿತು, ಇನ್ನೂ ಸಣ್ಣಗೆ.
"ಚಕ್ಕುಲಿ!" ಎಂದಿತು ಖಿಚಡಿಗೆ ಕಾದು ಕೂತ ಮುಂದಿನ ಬೆಂಚು.
ನಡುವಿನ ಚುಕ್ಕೆಯನ್ನು ಒತ್ತಿ ಒತ್ತಿ ಬರೆದಳು,
ಸುಣ್ಣ ಮುರಿಯಿತು.
ಬಿದ್ದ ಚೂರು ಹೆಕ್ಕಿ ನನ್ನ ಮೇಜಿಗಿಟ್ಟಳು.

"ಅವ್ವ ಚೂರು ಸುಟ್ಟು ಮೂಸಿ ಹೇಳತಾಳ್ರಿ,
ಯಾವ ಮಾಲು ಯಾವ ಮೂಟೆಗೆ ಅಂತ.
ದಿನಾ ಮುನ್ನೂರು ಸಲ ಮೂಸತಾಳ.
ಮಾಲು ಮುಂದ ಹೋಗತೈತಿ, ಹೊಗಿ ಆಕಿ ಎದಿಯಾಗ ನಿಲ್ಲತೈತಿ.
ಅದಕ್ಕೊಂದು ಬಾಣ ಹಾಕಬೇಕಲ್ರಿ?"

ಗಂಟೆ ಹೊಡೆಯಿತು. ಇಂಥ ಹೊತ್ತಿಗೆ
ಗಂಟೆ ಹೊಡೆಯುವವನಿಗೆ ನಾನು ಋಣಿ.

ಮಾರ್ಚಿನಲ್ಲಿ ಹದಿನೇಳು ಉತ್ತರ ಪತ್ರಿಕೆ,
ಜೊತೆಗೆ ವಾರ್ಡ್ ಆಫೀಸಿನ ಮಾದರಿ ಉತ್ತರ:
ಪೂರ್ಣ ವೃತ್ತವಿದ್ದರೆ ಮಾತ್ರ ಪೂರ್ಣ ಅಂಕ.
ಹದಿನಾರು ಮಕ್ಕಳು ನಾನು ಕಲಿಸಿದ್ದನ್ನು ಬರೆದಿದ್ದರು.
ಅವರಲ್ಲಿ ಹನ್ನೊಂದು ಮಂದಿ ಅದೇ ಕಂಪೌಂಡಿನವರು;
ಅವರಿಗೂ ಗೊತ್ತಿತ್ತು.
ಹದಿನಾರು ಸೊನ್ನೆಗಳಿಗೆ ನಾಲ್ಕು ನಾಲ್ಕು ಕೊಟ್ಟೆ.

ಹುಲಿಗೆಮ್ಮನದು ಚಕ್ಕುಲಿ.
ಹೊರಗೆ ಹೋಗುವ ಸಣ್ಣ ಬಾಣ, ತುದಿಯಲ್ಲಿ
ದುಂಡಗೆ ಒಂದೇ ಪದ: ಅವ್ವ.
ಕೆಂಪು ಪೆನ್ನು ಬಹಳ ಹೊತ್ತು ಗಾಳಿಯಲ್ಲಿತ್ತು.
ಪತ್ರಿಕೆ ಮೇಲಿನವರು ತೆರೆದು ನೋಡುತ್ತಾರೆ,
ನನಗೆ ಇನ್ನೂ ಒಂಬತ್ತು ವರ್ಷ ನೌಕರಿಯಿದೆ.
ಮೂರೂವರೆ ಹಾಕಿದೆ.

ಉಳಿದ ಅರ್ಧ ನನ್ನ ಹತ್ತಿರವೇ ಇದೆ.
ಯಾರೂ ಆರಿಸಿಕೊಂಡು ಹೋಗಿಲ್ಲ.